ಹಳೆಯ ಮರದ ಹೊಸ ವೇಷ

ಪಟಕ್ಕೆ ‘ಕಟ್ಟು ಹಾಕಿಸುವುದು’ ಎಂಬುದು ಹಳೆಯ ಮೈಸೂರು ಸೀಮೆಯ ಮನೆಮಾತು. ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಂಥ ಊರುಗಳಲ್ಲೂ ಅಷ್ಟೆ. ತೀರಿಕೊಂಡ ಹಿರಿಯರ ಭಾವಚಿತ್ರವಿರಲಿ, ಮದುವೆಯ ಫೋಟೊ ಇರಲಿ, ಹುಲಿಯೇರಿದ ಮಲೆ ಮಹದೇಶ್ವರನಿರಲಿ, ಕಟ್ಟು ಹಾಕಿಸಿದ ಮೇಲೆಯೇ ಅದು ಗೋಡೆ ಏರುವುದು. ಕಾಲಕ್ರಮದಲ್ಲಿ ಚಿತ್ರ ಮಾಸುತ್ತದೆ, ಗಾಜು ಒಡೆಯುತ್ತದೆ. ಉಳಿದ ಕಟ್ಟು ಅಟ್ಟ ಸೇರಿ, ಅಲ್ಲಿಂದ ಒಂದು ದಿನ ಗುಜರಿ ಅಂಗಡಿಗೆ ಹೋಗುತ್ತದೆ.

ಹೀಗೆ ಗುಜರಿ ಸೇರಿದ ಕಟ್ಟನ್ನು ಅಗ್ಗದ ಬೆಲೆಗೆ ತಂದು, ಬಣ್ಣ ಬಳಿದು, ಎಷ್ಟೋ ತಲೆಮಾರು ಕಂಡ ತೇಗವೋ ಬೀಟೆಯೋ ಎಂಬಂತೆ ತೋರುವ ಹಾಗೆ ಮಾಡುವ ಹವ್ಯಾಸವೊಂದುಂಟು. ಮೇಲುನೋಟಕ್ಕೆ ಇದು ಬಿಡುವಿನ ವೇಳೆಯ ಕೈಚಳಕ. ಆದರೆ ಮರಕ್ಕೆ ಮರದ ವೇಷವನ್ನೇ ಹಾಕಬೇಕಾಗಿ ಬಂದದ್ದೇಕೆ ಎಂದು ಕೇಳಿದರೆ, ಉತ್ತರ ಕಾಡಿನವರೆಗೆ ಹೋಗುತ್ತದೆ.

ಸಾಮಾನ್ಯರ ಗೋಡೆಗೆ ಬಣ್ಣದ ಪಟ ಬಂದು ಬಹಳ ಕಾಲವೇನೂ ಆಗಿಲ್ಲ. ಚಿನ್ನದ ರೇಕು ಹಚ್ಚಿದ ಮೈಸೂರು ಶೈಲಿಯ ಚಿತ್ರಗಳು ಅರಮನೆಗೂ ಉಳ್ಳವರ ಪೂಜಾಗೃಹಗಳಿಗೂ ಸೇರಿದ್ದವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಪಟಗಳು ಬಡವರ ಮನೆಗೂ ಬಂದವು. ಕಾಗದದ ಪಟಕ್ಕೆ ಗಾಜು ಬೇಕು, ಗಾಜಿಗೆ ಕಟ್ಟು ಬೇಕು. ಪಟಗಳ ಜೊತೆಗೇ ಕಟ್ಟಿನ ಕಸುಬೂ ಬೆಳೆಯಿತು.

ಈ ಸೀಮೆಯಲ್ಲಿ ಮರಕ್ಕೆ ಬರವಿರಲಿಲ್ಲ. ಚಂದಕವಾಡಿಯ ಮೂಡಣಕ್ಕೆ ಬಿಳಿಗಿರಿರಂಗನ ಬೆಟ್ಟಗಳ ಸಾಲು. ಪಡುವಣಕ್ಕೆ, ಗುಂಡ್ಲುಪೇಟೆ ದಾಟಿದರೆ ಬಂಡೀಪುರ. ತೇಗ, ಬೀಟೆ, ಹೊನ್ನೆ, ಮತ್ತಿ ಬೆಳೆಯುವ ಕಾಡುಗಳಿವು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿ 1974ರಲ್ಲಿ ವನ್ಯಧಾಮವಾಗಿ, 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಮೀನಿನ ಬೀಟೆಯನ್ನು ಕಡಿಯಲೂ ಅಧಿಕಾರಿಯ ಅನುಮತಿ ಬೇಕು. 2017ರಿಂದ ಬೀಟೆಯ ಕುಲಕ್ಕೆ ಸೇರಿದ ಎಲ್ಲ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿದೆ. ಒಳ್ಳೆಯ ಮರ ಕೈಗೆಟುಕದಾದಂತೆ ಕಟ್ಟಿಗೆ ಹಗುರ ಜಾತಿಯ ಮರ ಬಂತು, ಆಮೇಲೆ ಪ್ಲಾಸ್ಟಿಕ್ ಪಟ್ಟಿ ಬಂತು. ಪ್ಲಾಸ್ಟಿಕ್ಕಿನ ಮೇಲೂ ಮರದ ಎಳೆಗಳನ್ನೇ ಅಚ್ಚು ಹಾಕುತ್ತಾರೆ. ಮರ ಹೋದರೂ ಮರದ ಮೋಹ ಹೋಗಲಿಲ್ಲ.

ಈ ಮೋಹ ಈ ನಾಡಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್‌ಟನ್ ತನ್ನ ಮೌಂಟ್ ವರ್ನನ್ ಮನೆಯ ಒಳಗೆ ಸಾಧಾರಣ ಮರದ ಮೇಲೆ ಬೆಲೆಬಾಳುವ ಮರದ ಎಳೆಗಳನ್ನು ಬರೆಸಿದ್ದ. ಹೊರಗೋಡೆಯ ಪೈನ್ ಹಲಗೆಗಳು ಕಲ್ಲಿನಂತೆ ಕಾಣಲೆಂದು ಹಸಿ ಬಣ್ಣದ ಮೇಲೆ ಮರಳು ಎರಚಿಸಿದ್ದ. ಇಂಗ್ಲೆಂಡಿನ ಥಾಮಸ್ ಕರ್ಶಾ ಎಂಬ ಬಣ್ಣಗಾರ ಮರ ಮತ್ತು ಅಮೃತಶಿಲೆಗಳನ್ನು ಕುಂಚದಲ್ಲೇ ಮೂಡಿಸಿ 1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಪದಕ ಪಡೆದ. ಆತ ಬರೆದ ಹಲಗೆಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ.

ಹಳೆಯ ಮರವನ್ನು ಅನುಕರಿಸಬೇಕಾದರೆ ಮರ ಹೇಗೆ ಮುದಿಯಾಗುತ್ತದೆ ಎಂಬುದು ತಿಳಿದಿರಬೇಕು. ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ವಸ್ತು ಬೆಳಕಿಗೆ ಸಿಕ್ಕಿ ಸಡಿಲವಾಗುತ್ತದೆ. ಹೊರಗೆ ಮಳೆಬಿಸಿಲಿಗೆ ಬಿದ್ದ ಹಲಗೆಯಲ್ಲಿ ಹೀಗೆ ಸಡಿಲವಾದುದು ತೊಳೆದುಹೋಗಿ ಬೂದುಬಣ್ಣ ಬರುತ್ತದೆ. ಮನೆಯೊಳಗೆ ತೇಗ ಹೊಂಬಣ್ಣದಿಂದ ಕಂದಿಗೆ ತಿರುಗುತ್ತದೆ. ಬೀಟೆಯಂಥ ಕಡುಬಣ್ಣದ ಮರ ತೀರ ಬೆಳಕಿನಲ್ಲಿ ಮಾಸುವುದೂ ಉಂಟು. ಇದರ ಮೇಲೆ ಮನುಷ್ಯವಾಸದ ಗುರುತುಗಳು ಬೀಳುತ್ತವೆ: ದೀಪದ ಮಸಿ, ಸಾಂಬ್ರಾಣಿಯ ಹೊಗೆ, ಒರೆಸುವ ಕೈಯ ಜಿಡ್ಡು. ಕಟ್ಟಿನ ಸಂದಿಗಳಲ್ಲಿ ಕಪ್ಪು ಕೂರುತ್ತದೆ. ಕೈ ತಾಗುವ ಅಂಚುಗಳು ಸವೆದು ತಿಳಿಯಾಗುತ್ತವೆ. ಮುಪ್ಪು ಎಲ್ಲ ಕಡೆಗೂ ಒಂದೇ ಸಮನಾಗಿ ಬರುವುದಿಲ್ಲ.

ಬಣ್ಣದ ಕೆಲಸದ ಗುಟ್ಟೂ ಇದೇ. ಮೊದಲು ಗಾಜು, ಚಿತ್ರಗಳನ್ನು ಬಿಡಿಸಿಟ್ಟು ಕಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಪ್ರೈಮರ್ ಬಳಿದ ಮೇಲೆ ಮರದ ತಿಳಿಯಾದ ಎಳೆಯಷ್ಟು ಮಂದ ಬಣ್ಣ, ಅಂದರೆ ಗೋಧಿ ಬಣ್ಣ ಹಚ್ಚಬೇಕು. ಅದು ಪೂರ್ತಿ ಒಣಗಿದ ಬಳಿಕ ಅಂಚುಗಳಿಗೆ ಮೇಣದಬತ್ತಿ ಉಜ್ಜಬೇಕು. ಅದರ ಮೇಲೆ ತೆಳುವಾದ ಕಂದು ಬಣ್ಣ ಬಳಿದು, ಹಸಿಯಿರುವಾಗಲೇ ಗಡಸು ಕುಂಚವನ್ನು ಉದ್ದಕ್ಕೆ ಎಳೆದರೆ ಎಳೆಗಳು ಮೂಡುತ್ತವೆ. ಒಣಗಿದ ಮೇಲೆ ಮೇಣವಿದ್ದ ಕಡೆ ಬಣ್ಣ ಸುಲಭವಾಗಿ ಬಿಟ್ಟು, ಅಂಚು ಸವೆದಂತೆ ಕಾಣುತ್ತದೆ. ಸಂದಿಗಳಿಗೆ ಇನ್ನಷ್ಟು ಕಡು ಬಣ್ಣ ತುಂಬಿ, ಮೇಲ್ಭಾಗವನ್ನು ಬಟ್ಟೆಯಿಂದ ಒರೆಸಿದರಾಯಿತು.

ಅನೇಕರು ಸೋಲುವುದು ಮೂಲೆಗಳಲ್ಲಿ. ಕಟ್ಟು ಎಂದರೆ 45 ಡಿಗ್ರಿ ಓರೆಯಾಗಿ ಕೊಯ್ದು ಕೂಡಿಸಿದ ನಾಲ್ಕು ಪಟ್ಟಿಗಳು. ಪ್ರತಿ ಪಟ್ಟಿಯ ಎಳೆ ಅದರದರ ಉದ್ದಕ್ಕೆ ಓಡಿ, ಓರೆಗೆರೆಯಲ್ಲಿ ನಿಲ್ಲಬೇಕು. ಕುಂಚ ಮೂಲೆ ತಿರುಗಿ ಮುಂದಿನ ಪಟ್ಟಿಗೆ ಹರಿದರೆ ಯಾವ ಬಡಗಿಯೂ ಒಂದೇ ನೋಟಕ್ಕೆ ಸುಳ್ಳನ್ನು ಕಂಡುಹಿಡಿಯುತ್ತಾನೆ.

ಬಣ್ಣವಿಲ್ಲದ ಬರಿ ಮರವಾದರೆ ಇನ್ನೊಂದು ದಾರಿಯಿದೆ. ಬಿಳಿಗಿರಿಯ ಸೋಲಿಗರು ಕಾಡಿನಿಂದ ಆಯ್ದು ತರುವ ಅಳಲೆಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ಹೇರಳ. ಅದರ ಕಷಾಯಕ್ಕೆ ಅನ್ನಭೇದಿ, ಎಂದರೆ ಕಬ್ಬಿಣದ ಲವಣ, ಸೇರಿಸಿದರೆ ಕಪ್ಪು ಶಾಯಿಯಾಗುತ್ತದೆಂದು ಹಿಂದಿನವರು ಬಲ್ಲರು. ಮರಕ್ಕೆ ಮೊದಲು ಅಳಲೆಯ ಕಷಾಯ ಬಳಿದು, ಒಣಗಿದ ಮೇಲೆ ಕಬ್ಬಿಣದ ಚೂರು ನೆನೆಸಿದ ವಿನಿಗರ್ ಸವರಿದರೂ ಅದೇ ಕ್ರಿಯೆ ನಡೆದು ಮರ ಬೂದುಗಪ್ಪಿಗೆ ತಿರುಗುತ್ತದೆ. ಕಡೆಯಲ್ಲಿ ಹೊಳಪಿಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಅರಗೂ ಕಾಡಿನ ಹುಟ್ಟುವಳಿಯೇ. ಮೈಸೂರಿನಲ್ಲಿ 1937ರಲ್ಲಿ ಆರಂಭವಾಗಿ, ಈಗ ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾಗಿರುವ ಬಣ್ಣ ಮತ್ತು ವಾರ್ನಿಷ್ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಅರಗು ಇತ್ತು.

ಆದರೆ ಕುಂಚ ಎತ್ತುವ ಮೊದಲು ಕಟ್ಟನ್ನು ತಿರುಗಿಸಿ ನೋಡಬೇಕು. ಗಾಜು ಕೂರುವ ಕಚ್ಚಿನೊಳಗೆ, ಬಣ್ಣ ತಾಗದ ಕಡೆ, ಮರದ ನಿಜವಾದ ಮೈ ಕಾಣುತ್ತದೆ. ಮುಖದ ಎಳೆ ಪಕ್ಕಕ್ಕೂ ತಿರುಗಿ ಸಾಗಿದ್ದರೆ ಅದು ಮರ. ಅಂಚಿನಲ್ಲಿ ನಿಂತುಹೋಗಿದ್ದರೆ ಅಚ್ಚು. ಮಣಭಾರದ, ನೇರಳೆ ಛಾಯೆಯ ಕಡುಗಂದು ಮರವಾದರೆ ಅದು ಬೀಟೆಯೇ ಇರಬಹುದು. ಅಂಥದಕ್ಕೆ ಬೀಟೆಯ ಬಣ್ಣ ಬಳಿಯುವುದು ಮುತ್ತಿಗೆ ಸುಣ್ಣ ಹಚ್ಚಿದಂತೆ. ಬೆನ್ನಿನ ಕಾಗದವನ್ನೂ ಕಿತ್ತೆಸೆಯಬಾರದು. ಕಟ್ಟು ಹಾಕಿದ ಅಂಗಡಿಯ ಚೀಟಿ, ಪಟದ ಹಿಂದೆ ಬರೆದ ಹೆಸರು, ತಾರೀಖು ಅಲ್ಲಿರಬಹುದು. ಒಂದು ಮನೆತನದ ಪಾಲಿಗೆ ಅದೇ ಏಕೈಕ ದಾಖಲೆಯಾಗಿರಲೂಬಹುದು. ಒಳಗಿರುವುದು ಮೈಸೂರು ಶೈಲಿಯ ಚಿತ್ರವಾಗಿದ್ದರಂತೂ ಅದಕ್ಕೆ ಒದ್ದೆ ಬಟ್ಟೆ ಸೋಕಿಸಲೇಬಾರದು. ರೇಕಿನ ಕೆಳಗಿನ ಉಬ್ಬುಗಾರೆ ನೀರಿಗೆ ಕರಗಿಬಿಡುತ್ತದೆ.

ಆರೋಗ್ಯದ ಮಾತೂ ಇದೆ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಆದ್ದರಿಂದ ಹಳೆಯ ಬಣ್ಣವನ್ನು ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್, ಹಿಡಿದು ಒಣದಾಗಿ ಉಜ್ಜಬಾರದು. ಆ ಧೂಳು ಮಕ್ಕಳ ಮಿದುಳಿಗೆ ವಿಷ.

ವೇಷ ಕಟ್ಟುವುದು ತಪ್ಪಲ್ಲ, ವೇಷವನ್ನು ನಿಜವೆಂದು ಮಾರುವುದು ತಪ್ಪು. 1972ರ ಪ್ರಾಚ್ಯವಸ್ತು ಕಾಯಿದೆಯು ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಪ್ರಾಚ್ಯವಸ್ತುವೆಂದು ಪರಿಗಣಿಸಿ, ಅವುಗಳ ವ್ಯಾಪಾರಕ್ಕೆ ಪರವಾನಗಿ ವಿಧಿಸಿದೆ. ಹಳತೆಂಬುದಕ್ಕೆ ಕಾನೂನಿನಲ್ಲೂ ಬೆಲೆಯಿದೆ. ಪ್ಲಾಸ್ಟಿಕ್ ಪಟ್ಟಿಗೋ ಹೆಸರಿಲ್ಲದ ಹಗುರ ಮರಕ್ಕೋ ಬೀಟೆಯ ಬಣ್ಣ ಬಳಿದರೆ ಯಾರಿಗೂ ನಷ್ಟವಿಲ್ಲ. ಗುಜರಿಗೆ ಹೋದದ್ದು ಮತ್ತೆ ಗೋಡೆಗೆ ಬರುತ್ತದೆ, ಕಾಡಿನಲ್ಲಿ ಒಂದು ಮರ ಕೊಡಲಿಯಿಂದ ಉಳಿಯುತ್ತದೆ. ನಿಜವಾಗಿಯೂ ಹಳತಾದ ಕಟ್ಟು ಕೈಗೆ ಸಿಕ್ಕರೆ ಮಾತ್ರ ಅದಕ್ಕೆ ಬಣ್ಣ ಬೇಡ, ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು.