ಹವ್ಯಾಸಿ ಅರ್ಥಧಾರಿ ಮತ್ತು ಅಂತರ್ಜಾಲದ ಪ್ರೇಕ್ಷಕ

ಹೆಬ್ರಿ, ಕಾರ್ಕಳ, ಕಾಪು ಪರಿಸರದ ತಾಳಮದ್ದಳೆ ಕೂಟಗಳಲ್ಲಿ ಅಧ್ಯಾಪಕರು, ಕೃಷಿಕರು, ವ್ಯಾಪಾರಿಗಳು ಹವ್ಯಾಸಿಗಳಾಗಿ ಅರ್ಥ ಹೇಳುತ್ತ ಬಂದಿದ್ದಾರೆ. ವೇಷ, ನೃತ್ಯಗಳಿಲ್ಲದ ಈ ಪ್ರಕಾರದಲ್ಲಿ ಭಾಗವತರು ಹಾಡಿದ ಪದ್ಯವನ್ನು ಆಧರಿಸಿ ಮಾತು ಆಶುವಾಗಿ ಹುಟ್ಟುತ್ತದೆ. ಎದುರು ಅರ್ಥಧಾರಿಯ ಪ್ರಶ್ನೆಯೇ ಅದರ ದಿಕ್ಕನ್ನು ನಿರ್ಧರಿಸುತ್ತದೆ. ಆದ್ದರಿಂದ ಕೂಟದ ಯಶಸ್ಸು, ವೈಫಲ್ಯಗಳು ಇಬ್ಬರಿಗೂ ಸೇರಿದವು.

2005ರಲ್ಲಿ ಆರಂಭವಾದ ಯೂಟ್ಯೂಬಿನಂತಹ ಮಾಧ್ಯಮಗಳಲ್ಲಿ ಕೂಟದ ತುಣುಕುಗಳಷ್ಟೇ ಪ್ರಸಾರವಾದಾಗ ಈ ಸಂಬಂಧ ಕಡಿದುಹೋಗುತ್ತದೆ. ಪ್ರಶ್ನೆಯಿಲ್ಲದ ಉತ್ತರ ವಾಚಾಳಿತನವಾಗಿಯೂ, ಯೋಚನೆಯ ಮೌನ ತಡವರಿಕೆಯಾಗಿಯೂ ತೋರುತ್ತದೆ. ಕೂಟದಲ್ಲಿ ಪ್ರಸಂಗವನ್ನು ಪೂರ್ಣವಾಗಿ ಕೇಳಿದವರು ಎದುರಿಗೇ ಆಡಿದ ಟೀಕೆಗೆ ಸಮರ್ಥನೆ ನೀಡಲು, ತಿದ್ದಿಕೊಳ್ಳಲು ಕಲಾವಿದನಿಗೆ ಅವಕಾಶವುಂಟು. ಅಂತಹ ಟೀಕೆ ಯಾವಾಗಲೂ ಮೃದುವೆಂದಲ್ಲ. ಆದರೆ ಆಡಿದವರು ಯಾರೆಂಬುದು ತಿಳಿದಿರುತ್ತದೆ. ದೃಶ್ಯದ ಕೆಳಗೆ ಬರೆದ ಅನಾಮಿಕ ಕುಹಕಕ್ಕೆ ಈ ಹೊಣೆಯಿಲ್ಲ.

ಹವ್ಯಾಸಿ ಎಂಬ ಕಾರಣಕ್ಕೆ ವಿನಾಯಿತಿ ಬೇಕಿಲ್ಲ. ಪದ್ಯದ ಆಶಯ, ಪಾತ್ರೌಚಿತ್ಯ, ಎದುರಿನವರಿಗೆ ನೀಡಿದ ಪ್ರತ್ಯುತ್ತರ ಈ ಮೂರನ್ನೂ ಇಡೀ ಸಂವಾದದಲ್ಲಿರಿಸಿ ಪರಿಶೀಲಿಸದ ಅಭಿಪ್ರಾಯ ವಿಮರ್ಶೆಯಾಗದು. ಅಂತರ್ಜಾಲದ ಟೀಕೆಗಳನ್ನು ಪ್ರೇಕ್ಷಕರ ಅಭಿರುಚಿಯ ಆಕರವಾಗಿ ಬಳಸುವ ಸಂಶೋಧಕರು ಟೀಕಾಕಾರರು ಕೂಟವನ್ನು ಕೇಳಿದ್ದಾರೆಯೇ, ತುಣುಕನ್ನು ಮಾತ್ರವೇ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.