ಹೇಳಿಕೊಳ್ಳಲಾರದ ತೊಂದರೆ, ಮನೆಯಲ್ಲೇ ಮಾಡುವ ಸಾಧನೆ

ಸಿರುಗುಪ್ಪ ಸೀಮೆಯಲ್ಲಿ ಭತ್ತದ ನಾಟಿ ತೊಡಗಿತೆಂದರೆ ಕರೂರಿನಂಥ ಊರುಗಳ ಹೆಂಗಸರಿಗೆ ಬೆಳಗಿನಿಂದ ಬಗ್ಗಿದ ಬೆನ್ನು. ಪಟ್ಟಣದ ಗೃಹಿಣಿಯರಿಗೂ ನೀರಿನ ಕೊಡ, ಅಕ್ಕಿಯ ಚೀಲ ಎತ್ತುವುದು ತಪ್ಪಿದ್ದಲ್ಲ. ಹಾಗೆ ಎತ್ತುವಾಗ, ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ನಕ್ಕಾಗ ತಡೆಯಲಾಗದೆ ಒಂದಿಷ್ಟು ಮೂತ್ರ ಜಾರುವ ತೊಂದರೆ ಅನೇಕರಿಗುಂಟು. ತಾಯಿಗೂ ಹೇಳರು, ವೈದ್ಯರಿಗೂ ಹೇಳರು. ಜಾತ್ರೆ, ಮದುವೆಮನೆಗಳನ್ನು ಬಿಟ್ಟು, “ಹೆತ್ತ ಮೇಲೆ ಇದೆಲ್ಲ ಇದ್ದದ್ದೇ” ಎಂದು ಸುಮ್ಮನಾಗುತ್ತಾರೆ. ಸೋದರಿಯರೇ, ಸುಮ್ಮನಿರಬೇಕಾದ್ದಿಲ್ಲ.

ಇದರ ಕಾರಣವೇನು? ಸೊಂಟದ ಮೂಳೆಗಳ ತಳದಲ್ಲಿ, ಮುಂದಿನಿಂದ ಹಿಂದಕ್ಕೆ, ಜೋಳಿಗೆಯಂತೆ ಸ್ನಾಯುಗಳ ಹಾಸೊಂದಿದೆ. ಮೂತ್ರಕೋಶ, ಗರ್ಭಕೋಶಗಳಿಗೆ ಅದೇ ಆಸರೆ. ಬಸಿರು, ಹೆರಿಗೆ, ಮುಟ್ಟು ನಿಲ್ಲುವ ವಯಸ್ಸು, ಸ್ಥೂಲಕಾಯ, ಹಳೆಯ ಕೆಮ್ಮು, ಮಲಬದ್ಧತೆ ಇವುಗಳಿಂದ ಆ ಹಾಸು ಸಡಿಲಾಗುತ್ತದೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಮೂತ್ರಕೋಶದ ಮೇಲೆ ಬೀಳುತ್ತದೆ. ಸಡಿಲಾದ ಸ್ನಾಯು ಅದನ್ನು ತಡೆಯಲಾರದು.

ತೋಳಿನ ಸ್ನಾಯುವಿನಂತೆ ಇದನ್ನೂ ಸಾಧನೆಯಿಂದ ಬಲಪಡಿಸಬಹುದು. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ ಈ ವ್ಯಾಯಾಮವನ್ನು ಕುರಿತು 1948ರಲ್ಲಿ ಪ್ರಕಟಿಸಿದರು. ಹಠಯೋಗದ ಮೂಲಬಂಧವೂ ಇದಕ್ಕೆ ಹತ್ತಿರದ್ದೇ.

ಮಾಡುವ ಕ್ರಮ ಹೀಗೆ. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಮಲಗಿ, ಇಲ್ಲವೆ ಕುಳಿತು, ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಯುವಂತೆ ಆ ಭಾಗವನ್ನು ಒಳಕ್ಕೆ, ಮೇಲಕ್ಕೆ ಸೆಳೆಯಿರಿ. ಐದಾರು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಿ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಯಬಾರದು. ಒಂದು ಸರದಿಗೆ 8 ರಿಂದ 10 ಬಾರಿ, ದಿನಕ್ಕೆ 3 ಸರದಿ. ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು. ಎರಡು ವಾರಕ್ಕೇ ಫಲ ಕಾಣಲಿಲ್ಲವೆಂದು ಕೈಬಿಡಬೇಡಿ. ಮೂತ್ರ ವಿಸರ್ಜಿಸುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಸಲ್ಲದು. ಕೆಮ್ಮು ಬರುವ ಮುನ್ನ, ಕೊಡ ಎತ್ತುವ ಮುನ್ನ ಒಮ್ಮೆ ಹೀಗೆ ಬಿಗಿಹಿಡಿಯುವುದನ್ನು ರೂಢಿಸಿಕೊಳ್ಳಿ.

ಒದ್ದೆಯಾದೀತೆಂದು ನೀರು ಕುಡಿಯುವುದನ್ನು ಬಿಡುವವರುಂಟು. ಅದು ತಪ್ಪು, ಮೂತ್ರ ಗಟ್ಟಿಯಾಗಿ ಉರಿ ಹೆಚ್ಚೀತು, ಮಲಬದ್ಧತೆಯೂ ಬಂದೀತು.

ಸರಿಯಾದ ಸ್ನಾಯು ಬಿಗಿಯುತ್ತಿದೆಯೇ ಎಂಬ ಸಂಶಯ ಬಂದರೆ ಫಿಜಿಯೋಥೆರಪಿ ತಜ್ಞೆಯನ್ನು ಕಾಣಿರಿ. ಅವರು ಪರೀಕ್ಷಿಸಿ ತಿದ್ದುವರು. ಉರಿಮೂತ್ರ, ಮೂತ್ರದಲ್ಲಿ ರಕ್ತ, ಗರ್ಭಕೋಶ ಕೆಳಗೆ ಜಾರಿದಂತೆ ತೋರುವುದು, ಇವು ಇದ್ದರೆ ಮೊದಲು ವೈದ್ಯರ ಪರೀಕ್ಷೆಯಾಗಲಿ. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಸುತ್ತಲ ಊರುಗಳವರಿಗೆ ದೂರವಲ್ಲ. ವ್ಯಾಯಾಮದಿಂದ ಸಾಲದಿದ್ದವರಿಗೆ ಶಸ್ತ್ರಚಿಕಿತ್ಸೆಯೂ ಉಂಟು.

ನಾಚಿಕೆಪಡುವಂಥದು ಇದರಲ್ಲಿ ಏನೂ ಇಲ್ಲ. ನಿಮ್ಮ ಮನೆಯ ಅತ್ತೆಗೋ, ಬಾಣಂತಿ ಮಗಳಿಗೋ ಈ ಮಾತನ್ನು ಮೆಲ್ಲಗೆ ತಿಳಿಸಿದರೆ, ವರ್ಷಗಳ ಸಂಕೋಚವೊಂದು ಅಲ್ಲಿಗೆ ಕಳೆದೀತು.