ದೂರು ಹ್ಯಾಮ್ ಮೇಲೆ, ದೋಷ ತಂತಿಯಲ್ಲಿ

ಪಕ್ಕದ ಮನೆಯ ಮಾಳಿಗೆಯ ಮೇಲೆ ಹವ್ಯಾಸಿ (ಹ್ಯಾಮ್) ರೇಡಿಯೋದ ಆಂಟೆನಾ ಏರಿದ ಮೇಲೆ ನಮ್ಮ ಸ್ಪೀಕರಿನಲ್ಲಿ ಯಾರೋ ಗೊರಗೊರ ಮಾತಾಡುತ್ತಾರೆ, ಟಚ್ ಸ್ವಿಚ್ಚಿನ ದೀಪ ತಾನಾಗಿಯೇ ಹತ್ತಿ ಆರುತ್ತದೆ. ಇದಕ್ಕೆ ಹೊಣೆ ಯಾರು? ಹ್ಯಾಮ್ ರೇಡಿಯೋದ ಮಾತು ಬಂದಲ್ಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ರಾಯಚೂರಿನ ಕೋಟೆಯೊಳಗಿನ ಓಣಿಗಳಲ್ಲಿ, ಮಾನ್ವಿ, ದೇವದುರ್ಗಗಳ ಹಳೆಯ ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿಕೊಂಡೇ ಮನೆಗಳಿರುವಾಗ ಇದು ಬರೀ ಕುತೂಹಲದ ಪ್ರಶ್ನೆಯಾಗಿ ಉಳಿಯುವುದಿಲ್ಲ, ನೆರೆಹೊರೆಯ ಜಗಳವಾಗುತ್ತದೆ. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಪರವಾನಗಿ ಪಡೆದು, ತನಗೆ ಗೊತ್ತುಮಾಡಿದ ತರಂಗಾಂತರದಲ್ಲೇ ಮಾತಾಡುವ ಹ್ಯಾಮ್‌ನನ್ನು ಎಲ್ಲರೂ ಸುಲಭವಾಗಿ ದೂರುತ್ತಾರೆ. ಅವನ ಆಂಟೆನಾ ಎಲ್ಲರ ಕಣ್ಣಿಗೂ ಬೀಳುತ್ತದಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಬಹುಪಾಲು ದೂರುಗಳಲ್ಲಿ ದೋಷವಿರುವುದು ಅಲೆ ಕಳಿಸಿದವನಲ್ಲಲ್ಲ. ಅಲೆಯನ್ನು ಹಿಡಿದು ಒಳಗೆ ತಂದ ತಂತಿಯಲ್ಲಿ ಮತ್ತು ಅದನ್ನು ತಡೆಯಲಾಗದ ಉಪಕರಣದಲ್ಲಿ.

ಮಾನ್ವಿಯ ರೈತರಿಗೆ ಕಾಲುವೆಯ ಸಂಗತಿ ಯಾರೂ ಹೇಳಿಕೊಡಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ತೋಡಿದ್ದು ನೀರಿಗೆ. ಆದರೆ ದಂಡೆಯ ಬೇವಿನ ಎಲೆ, ಜೊಂಡು, ಒಣಕಡ್ಡಿ ಎಲ್ಲವೂ ಅದರಲ್ಲೇ ತೇಲಿ ಬರುತ್ತವೆ. ನೀರು ಯಾವುದು, ಕಸ ಯಾವುದು ಎಂದು ಕಾಲುವೆ ಕೇಳುವುದಿಲ್ಲ. ಹರಿದುಹೋದ ಎಲೆಯ ಬಗ್ಗೆ ಯಾರಿಗೂ ತಕರಾರಿಲ್ಲ. ಅದು ತೂಬಿನ ಬಾಯಿಗೆ ಕಟ್ಟಿಕೊಂಡಾಗಲೇ ಗದ್ದೆಗೆ ತೊಂದರೆ. ಆಗ ಮರ ಕಡಿಯಿರಿ ಎನ್ನುವುದೂ ಒಂದು ದಾರಿ, ತೂಬಿಗೆ ಜಾಲರಿ ಕಟ್ಟುವುದೂ ಒಂದು ದಾರಿ. ಮನೆಯ ವೈರಿಂಗ್ ಇಂಥದ್ದೇ ಕಾಲುವೆ. ಅದನ್ನು ಎಳೆದದ್ದು 50 ಹರ್ಟ್ಸ್ ವಿದ್ಯುತ್ತಿಗೆ. ಆದರೆ ಹ್ಯಾಮ್‌ಗಳು ಹೆಚ್ಚು ಬಳಸುವ 7.1 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 42 ಮೀಟರ್, ಅದರ ಕಾಲು ಭಾಗ ಹತ್ತೂವರೆ ಮೀಟರ್. ಮೀಟರ್ ಬೋರ್ಡಿನಿಂದ ಹಿಂದಿನ ಕೋಣೆಯ ಪ್ಲಗ್ಗಿನವರೆಗಿನ ತಂತಿಯ ಉದ್ದ ಸುಮಾರಿಗೆ ಅಷ್ಟೇ. 14 ಮೆಗಾಹರ್ಟ್ಸ್‌ನಲ್ಲಿ ಆ ಕಾಲು ಭಾಗ ಐದು ಮೀಟರಿಗೆ ಇಳಿಯುತ್ತದೆ, ಅಂದರೆ ಹಾಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದ ಸ್ಪೀಕರ್ ತಂತಿಯಷ್ಟು. ಅಲೆಯ ಕಾಲು ಭಾಗದಷ್ಟೋ ಅರ್ಧದಷ್ಟೋ ಉದ್ದದ ತಂತಿ ಸೊಗಸಾದ ಆಂಟೆನಾ. ಯಾರೂ ಬಯಸದಿದ್ದರೂ ಪ್ರತಿ ಮನೆಯ ಗೋಡೆಯೊಳಗೂ ಒಂದು ಆಂಟೆನಾ ಕೂತಿರುತ್ತದೆ.

ತಂತಿ ಹಿಡಿದದ್ದು ಉಪಕರಣದೊಳಗೆ ಏನಾಗುತ್ತದೆ? ಆಂಪ್ಲಿಫೈಯರಿನ ಮೊದಲ ಟ್ರಾನ್ಸಿಸ್ಟರಿನಲ್ಲಿರುವ ಜಂಕ್ಷನ್ ಒಂದು ದಿಕ್ಕಿಗೆ ಸಲೀಸಾಗಿ, ಇನ್ನೊಂದು ದಿಕ್ಕಿಗೆ ಕಷ್ಟದಿಂದ ವಿದ್ಯುತ್ ಬಿಡುತ್ತದೆ. ಹಳೆಯ ಕ್ರಿಸ್ಟಲ್ ರೇಡಿಯೋ ಕೆಲಸ ಮಾಡುತ್ತಿದ್ದುದೂ ಇದೇ ಗುಣದಿಂದ. ಹಾಗಾಗಿ ಅಲೆಯ ಮೇಲೆ ಕೂತ ಧ್ವನಿಯನ್ನು ಆ ಜಂಕ್ಷನ್ ಬಿಡಿಸಿ ಕೊಡುತ್ತದೆ, ಉಳಿದ ಭಾಗ ಅದನ್ನು ಹಿಗ್ಗಿಸಿ ಸ್ಪೀಕರಿಗೆ ದಾಟಿಸುತ್ತದೆ. ಹ್ಯಾಮ್‌ಗಳು ದೂರದ ಮಾತಿಗೆ ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ವಿಧಾನದಲ್ಲಿ ಮೂಲ ವಾಹಕ ಅಲೆಯೇ ಇರುವುದಿಲ್ಲವಾದ್ದರಿಂದ ಮಾತು ಅರ್ಥವಾಗದೆ ಗೊರಗೊರ ಎನ್ನುತ್ತದೆ. ಎಫ್ಎಂ ಆದರೆ ಮಾತೇ ಕೇಳದು. ಅಲೆ ಹೊರಡುವಾಗ ಒಂದು ಟಕ್, ನಿಲ್ಲುವಾಗ ಇನ್ನೊಂದು. ಪ್ರಮಾಣವನ್ನೂ ನೋಡಬೇಕು. ಪೇಟೆಯಲ್ಲಿ ಸಿಗುವ ಬಹಳಷ್ಟು ಹ್ಯಾಮ್ ಸೆಟ್‌ಗಳ ಶಕ್ತಿ 100 ವ್ಯಾಟ್. ಸಾಧಾರಣ ಡೈಪೋಲ್ ಆಂಟೆನಾದಿಂದ ಅಷ್ಟನ್ನು ಬಿಟ್ಟರೆ 20 ಮೀಟರ್ ದೂರದಲ್ಲಿ ಕ್ಷೇತ್ರದ ಬಲ ಮೀಟರಿಗೆ ಸುಮಾರು ಮೂರೂವರೆ ವೋಲ್ಟ್. ಮನೆಬಳಕೆಯ ಉಪಕರಣಗಳು ಅಲುಗದೆ ತಾಳಿಕೊಳ್ಳಬೇಕು ಎಂದು ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಮೀಟರಿಗೆ 3 ವೋಲ್ಟ್. 80 ಮೆಗಾಹರ್ಟ್ಸ್‌ಗಿಂತ ಕೆಳಗೆ, ತಂತಿಯ ಮೂಲಕ ನುಗ್ಗುವ 3 ವೋಲ್ಟನ್ನು ತಾಳಬೇಕು ಎನ್ನುತ್ತದೆ. ಅಂದರೆ ಮಾನದಂಡಕ್ಕೆ ತಕ್ಕಂತೆ ಕಟ್ಟಿದ ಉಪಕರಣವೂ ಪಕ್ಕದ ಮನೆಯಲ್ಲಿ ಅಂಚಿನ ಮೇಲೆ ನಿಂತಿರುತ್ತದೆ. ಫಿಲ್ಟರಿನ ನಾಲ್ಕು ಬಿಡಿಭಾಗ ಉಳಿಸಿದ ಅಗ್ಗದ ಮಾಲಿನ ಪಾಡು ಊಹಿಸಿಕೊಳ್ಳಬಹುದು.

ಹಿಂದೆ ಹೀಗಿರಲಿಲ್ಲ, ಆಗ ಹ್ಯಾಮ್‌ಗಳ ತಪ್ಪೂ ಇತ್ತು. ಹಳೆಯ ದೂರದರ್ಶನದ ನಾಲ್ಕನೇ ಚಾನೆಲ್ 61ರಿಂದ 68 ಮೆಗಾಹರ್ಟ್ಸ್‌ನಲ್ಲಿತ್ತು. ಹ್ಯಾಮ್‌ಗಳ 21 ಮೆಗಾಹರ್ಟ್ಸ್‌ನ ಮೂರು ಪಟ್ಟು 63. ಟ್ರಾನ್ಸ್‌ಮಿಟರ್ ಶುದ್ಧವಾಗಿರದಿದ್ದರೆ ಈ ಮೂರು ಪಟ್ಟಿನ ಮರಿ ಅಲೆ (ಹಾರ್ಮೋನಿಕ್) ನೇರವಾಗಿ ಟಿವಿಯ ಚಿತ್ರದ ಮೇಲೆ ಬಂದು ಕೂರುತ್ತಿತ್ತು. ಅದನ್ನು ನೋಡುವವನ ಮನೆಯಲ್ಲಿ ಸರಿಪಡಿಸಲು ಸಾಧ್ಯವಿರಲಿಲ್ಲ, ಕಳಿಸುವವನೇ ಸೋಸಬೇಕಿತ್ತು. ರಾಯಚೂರು ಜಿಲ್ಲೆಯ ಟಿವಿ ಚರಿತ್ರೆ ಮಾತ್ರ ಶುರುವಾದದ್ದೇ ಈ ತಂಟೆಯಿಂದ ದೂರದಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ, ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಮುಟ್ಟಿಸುವ ಸೈಟ್ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ದದ್ದು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಅಮೆರಿಕದ ಎಟಿಎಸ್-6 ಉಪಗ್ರಹ 860 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ್ದನ್ನು ತಂತಿಜಾಲರಿಯ ದೊಡ್ಡ ಬುಟ್ಟಿ ಆಂಟೆನಾಗಳು ಹಿಡಿಯುತ್ತಿದ್ದವು. ಇಂದಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸಿಗೆ ಇಳಿಯುವುದು ಅದಕ್ಕಿಂತಲೂ ಮೇಲಿನ ತರಂಗಾಂತರ. ಮರಿ ಅಲೆಗಳು ಅಷ್ಟು ಮೇಲಕ್ಕೆ ಬಲವಾಗಿ ಮುಟ್ಟವು. ಹೀಗಾಗಿ ಅವುಗಳ ಹಳೆಯ ದೂರು ಬಹುಮಟ್ಟಿಗೆ ಸತ್ತಿದೆ. ಉಳಿದಿರುವುದು ತಂತಿಯ ದೂರು.

‘ಅವನು ಆಂಟೆನಾ ಹಾಕುವ ಮೊದಲು ಎಲ್ಲ ಸರಿಯಿತ್ತಲ್ಲ’ ಎಂಬ ಆಕ್ಷೇಪ ಸಹಜ. ಆದರೆ ಮಳೆಗಾಲದಲ್ಲಿ ಸೋರಿದ ಮಾಳಿಗೆ ಬೇಸಿಗೆಯಲ್ಲೂ ಗಟ್ಟಿಯಿರಲಿಲ್ಲ. ಮಳೆ ಬರದಿದ್ದುದರಿಂದ ಗೊತ್ತಾಗಿರಲಿಲ್ಲ ಅಷ್ಟೇ. ‘ಶಕ್ತಿ ಕಡಿಮೆ ಮಾಡಲಿ’ ಎನ್ನುವುದು ಇನ್ನೊಂದು ವಾದ. ನೂರು ವ್ಯಾಟನ್ನು 25ಕ್ಕೆ ಇಳಿಸಿದರೂ ಕ್ಷೇತ್ರದ ಬಲ ಇಳಿಯುವುದು ಅರ್ಧಕ್ಕೆ ಮಾತ್ರ, ಆಂಟೆನಾವನ್ನು ಎರಡು ಪಟ್ಟು ದೂರ ಸರಿಸಿದರೂ ಸಿಗುವುದು ಅಷ್ಟೇ ಲಾಭ. ಹಾಗೆಂದು ಹ್ಯಾಮ್ ಯಾವಾಗಲೂ ನಿರ್ದೋಷಿ ಎಂದಲ್ಲ. ಆಂಟೆನಾಕ್ಕೆ ಹೋಗುವ ಕೇಬಲ್ಲಿನ ಹೊರಮೈ ಮೇಲೆ ವಿದ್ಯುತ್ ಹರಿಯಲು ಬಿಟ್ಟರೆ ಅಲೆ ಅವನ ಮನೆಯ ವೈರಿಂಗಿಗೇ ಇಳಿದು, ಅಲ್ಲಿಂದ ಬೀದಿಯ ಲೈನಿಗೆ ದಾಟುತ್ತದೆ. ಪರೀಕ್ಷೆ ಸರಳ. ಅವನ ಮನೆಯ ಟಿವಿ, ಸ್ಪೀಕರ್‌ಗಳೇ ಗೊರಗುಟ್ಟುತ್ತಿದ್ದರೆ ಮೊದಲು ಅವನ ಕಡೆ ನೋಡಿ. ಅವು ಸುಮ್ಮನಿದ್ದು ನಿಮ್ಮ ಮನೆಯ ಒಂದೇ ಉಪಕರಣ ಕೂಗುತ್ತಿದ್ದರೆ ಆ ಉಪಕರಣದ ಕಡೆ.

ಇಷ್ಟರಲ್ಲಿ ಹ್ಯಾಮ್‌ನ ದೂರನ್ನು ಯಾರೂ ಕೇಳುವುದೇ ಇಲ್ಲ. ಅದೇ ಕಾಲುವೆಗೆ ಮನೆಗಳೂ ಕಸ ಬಿಡುತ್ತಿವೆ. ಮೊಬೈಲ್ ಚಾರ್ಜರ್, ಎಲ್ಇಡಿ ದೀಪ, ಇನ್ವರ್ಟರ್, ಮಾಳಿಗೆಯ ಸೋಲಾರ್, ಅಕ್ಕಿ ಗಿರಣಿಯ ಮೋಟರಿನ ವೇಗ ತಿದ್ದುವ ಡ್ರೈವ್, ಇವೆಲ್ಲ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು, ಕೆಲವು ಲಕ್ಷ ಸಲ ಕಡಿದು ಕೊಡುತ್ತವೆ. ಆ ಕಡಿತದ ಚೂರುಗಳು ರೇಡಿಯೋ ಅಲೆಗಳಾಗಿ ತಂತಿಗೆ ಬೀಳುತ್ತವೆ. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯೊಂದರಲ್ಲೇ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್ಇಡಿ ಬಲ್ಬುಗಳು ಹಂಚಿಕೆಯಾದವು. ಬಲ್ಬೆಲ್ಲ ಗದ್ದಲ ಮಾಡುತ್ತದೆ ಎಂದಲ್ಲ, ಆದರೆ ಮಾನದಂಡ ಒಪ್ಪಿದ ಗದ್ದಲವೇ ಸಣ್ಣದಲ್ಲ: 5ರಿಂದ 30 ಮೆಗಾಹರ್ಟ್ಸ್‌ನಲ್ಲಿ ಒಂದು ಉಪಕರಣ ತಂತಿಗೆ 1000 ಮೈಕ್ರೋವೋಲ್ಟ್‌ವರೆಗೆ ಬಿಡಬಹುದು. ಹ್ಯಾಮ್‌ನ ಮೀಟರಿನಲ್ಲಿ ಭರ್ಜರಿ ಸಿಗ್ನಲ್ ಎನ್ನಿಸಿಕೊಳ್ಳುವುದು 50 ಮೈಕ್ರೋವೋಲ್ಟ್. 2004ರ ಸುನಾಮಿಯಲ್ಲಿ ಅಂಡಮಾನಿನ ಫೋನುಗಳು ಸತ್ತಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ಸೆಟ್ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿತು. ಅಂಥ ಕ್ಷೀಣ ದನಿ ಈ ಗದ್ದಲದಲ್ಲಿ ಮುಳುಗಿದರೆ ನಷ್ಟ ಒಬ್ಬ ಹವ್ಯಾಸಿಗಷ್ಟೇ ಅಲ್ಲ.

ಪರಿಹಾರ ಎರಡೂ ಕಡೆಗೆ ಒಂದೇ, ತೂಬಿನ ಜಾಲರಿ. ವಿದ್ಯುತ್ ಇಲಾಖೆಗೆ ಇದು ಹೊಸದೂ ಅಲ್ಲ. ಹೈವೋಲ್ಟೇಜ್ ಲೈನಿನ ಮೇಲೆಯೇ ಸಬ್‌ಸ್ಟೇಷನ್ನುಗಳು ಪರಸ್ಪರ ಮಾತಾಡಿಕೊಳ್ಳುವ ವ್ಯವಸ್ಥೆ ಇರುವಲ್ಲಿ, ಲೈನಿನ ತುದಿಗೆ ಪೀಪಾಯಿಯಾಕಾರದ ವೇವ್ ಟ್ರ್ಯಾಪ್ ಸುರುಳಿ ತೂಗಿರುತ್ತದೆ. 50 ಹರ್ಟ್ಸ್ ದಾಟುತ್ತದೆ, ಮಾತಿನ ಅಲೆ ನಿಲ್ಲುತ್ತದೆ. ಮನೆಯಲ್ಲಿ ಆ ಕೆಲಸ ಮಾಡುವುದು ಫೆರೈಟ್ ಬಳೆ, ಕೆಲವು ಲ್ಯಾಪ್‌ಟಾಪ್ ಚಾರ್ಜರಿನ ತಂತಿಯಲ್ಲಿ ಕಾಣುವ ಕಪ್ಪು ಗಂಟು. ಒಂದೇ ಸುತ್ತು ಹಾಕಿ ‘ಪ್ರಯೋಜನವಿಲ್ಲ’ ಎಂದು ಎಸೆಯುವವರು ಒಂದು ಲೆಕ್ಕ ಮರೆಯುತ್ತಾರೆ: ತಡೆ ಹೆಚ್ಚುವುದು ಸುತ್ತುಗಳ ವರ್ಗದಂತೆ. ಎಂಟು ಸುತ್ತಿಗೆ ಎಂಟು ಪಟ್ಟಲ್ಲ, ಸುಮಾರು ಅರವತ್ನಾಲ್ಕು ಪಟ್ಟು. ‘ಅರ್ತಿಂಗ್ ಗಟ್ಟಿ ಮಾಡಿ’ ಎಂಬ ಎಲ್ಲರ ಸಲಹೆ ಮಾತ್ರ ಇಲ್ಲಿ ನಡೆಯುವುದಿಲ್ಲ. ಅರ್ತಿಂಗ್ ಜೀವರಕ್ಷಣೆಗೆ ಬೇಕೇ ಬೇಕು. ಆದರೆ ಮೊದಲ ಮಹಡಿಯಿಂದ ಇಳಿದ ಐದು ಮೀಟರಿನ ಅರ್ತ್ ತಂತಿ 14 ಮೆಗಾಹರ್ಟ್ಸ್‌ಗೆ ತಾನೇ ಆಂಟೆನಾ. ಇನ್ನು ಸರ್ಕಾರದ ಪಾಲು. ಬಲ್ಬಿಗೂ ಚಾರ್ಜರಿಗೂ ಕಡ್ಡಾಯ ನೋಂದಣಿ ಇದೆ, ಅದರಲ್ಲಿ ನೋಡುವುದು ಮುಖ್ಯವಾಗಿ ಶಾಕ್ ಮತ್ತು ಬೆಂಕಿಯ ಸುರಕ್ಷತೆ. ಎಷ್ಟು ಗದ್ದಲ ಬಿಡುತ್ತದೆ, ಎಷ್ಟು ತಾಳುತ್ತದೆ ಎಂಬ ಪರೀಕ್ಷೆಯನ್ನೂ ಅದೇ ನೋಂದಣಿಗೆ ಸೇರಿಸಿದರೆ ಫಿಲ್ಟರಿನ ಖರ್ಚು ಕಾರ್ಖಾನೆಯಲ್ಲೇ ಅಲ್ಪದರಲ್ಲಿ ಮುಗಿಯುತ್ತದೆ. ಅಲ್ಲಿಯವರೆಗೆ ಆಂಟೆನಾ ಇಳಿಸು ಎಂದು ಜಗಳಕ್ಕೆ ಹೋಗುವ ಬದಲು ಆ ಹ್ಯಾಮ್‌ನನ್ನೇ ಮನೆಗೆ ಕರೆಯುವುದು ಲೇಸು. ಫೆರೈಟ್ ಬಳೆಗೆ ತಂತಿ ಸುತ್ತುವ ಕೆಲಸ ಓಣಿಯಲ್ಲಿ ಉಳಿದವರಿಗಿಂತ ಅವನಿಗೇ ಚೆನ್ನಾಗಿ ಬರುತ್ತದೆ.